ಬೆಳಕಿನ ತಾಲೀಮು, ತಾಳ್ಮೆಯ ತಾಲೀಮು

ನಾಟಕ ನೋಡುವವರಿಗೆ ಎರಡು ಗಂಟೆಯ ಸಂತೋಷ. ಆಡುವವರಿಗೆ ಎರಡು ತಿಂಗಳ ತಾಲೀಮು. ಅದರಲ್ಲಿ ಅತಿ ಬೇಸರದ ದಿನ ಯಾವುದೆಂದು ಹವ್ಯಾಸಿ ನಟರನ್ನು ಕೇಳಿ ನೋಡಿ. ಪ್ರದರ್ಶನದ ಹಿಂದಿನ ದಿನದ ಟೆಕ್ನಿಕಲ್ ರಿಹರ್ಸಲ್ ಎನ್ನುತ್ತಾರೆ. ಅಂದು ಮಾತಿಗೂ ಅಭಿನಯಕ್ಕೂ ಬೆಲೆಯಿಲ್ಲ. ದೀಪ, ಮೈಕು, ಪರದೆ, ಹಿನ್ನೆಲೆ ಸಂಗೀತಗಳದ್ದೇ ದರ್ಬಾರು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗಲೂ, ನಿವೃತ್ತನಾದ ಮೇಲೂ ಅರಸೀಕೆರೆಯಲ್ಲಿ ನಾಟಕದ ಗೀಳು ನನ್ನನ್ನು ಬಿಟ್ಟಿಲ್ಲ. ಬಣ್ಣ ಹಚ್ಚಿದ್ದು ಕಡಿಮೆ. ಕ್ಯೂ ಶೀಟ್ ಹಿಡಿದು ರಂಗದ ಪಕ್ಕ ಕೂತದ್ದೇ ಹೆಚ್ಚು. ಯಾವ ಮಾತಿಗೆ ಯಾವ ದೀಪ, ಯಾವ ಸದ್ದು ಎಂದು ಬರೆದ ಪಟ್ಟಿಯೇ ಕ್ಯೂ ಶೀಟ್.

ನಮ್ಮ ಹಾಸನ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವ ರೂಢಿ ಇಂದಿಗೂ ಇದೆ. ಬಾಡಿಗೆ ಸೀನರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಬೆಳಗಾಗುವವರೆಗೆ ಆಟ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ಇದೇ ಕಥೆಗೆ ನಿಜವಾದ ಆನೆ, ಕುದುರೆಗಳನ್ನು ತಂದಿತ್ತು. ಆನೆ ಬರುವ ದಾರಿ, ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡದೆ ಹೋದರೆ ಏನಾದೀತು, ಮಕ್ಕಳೇ?

ಕಳೆದ ವರ್ಷ ನಾವು ಮಕ್ಕಳ ಕೈಲಿ ಶಾಂತಲೆಯ ಕಥೆ ಆಡಿಸಿದೆವು. ಮೊದಲು ಎಲ್ಲರನ್ನೂ ಹಳೇಬೀಡಿಗೂ ಬೇಲೂರಿಗೂ ಕರೆದೊಯ್ದೆವು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅದರ ನವರಂಗದ ದುಂಡು ವೇದಿಕೆಯ ಮೇಲೆ ಶಾಂತಲೆ ನರ್ತಿಸಿದಳೆಂದು ಹೇಳುತ್ತಾರೆ. ಒಳಗಿನ ಮಬ್ಬಿನಲ್ಲಿ ಜಾಲಂಧ್ರಗಳಿಂದ ತೂರಿಬಂದ ಬೆಳಕು ನುಣುಪಾದ ಕಂಬಗಳ ಮೇಲೆ ಹೊಳೆಯುತ್ತಿತ್ತು. ದೀಪದ ಕೆಲಸಕ್ಕೆ ಸೇರಿದ್ದ ಏಳನೇ ತರಗತಿಯ ಹುಡುಗಿ, “ತಾತ, ನಮ್ಮ ನಾಟಕಕ್ಕೂ ಇಂಥದ್ದೇ ಬೆಳಕು ಬೇಕು” ಅಂದಳು.

ಬೇಕು ಅಂದಷ್ಟು ಸುಲಭವಲ್ಲ. ರಿಹರ್ಸಲ್ ಶುರುವಾದದ್ದು ಸಂಜೆ ಐದಕ್ಕೆ. ನೀಲಿ ದೀಪ ಹಾಕಿದರೆ ಶಾಂತಲೆಯ ಕೆಂಪು ಸೀರೆ ಕಪ್ಪಾಯಿತು! ಕೆಂಪು ಬಟ್ಟೆ ಹಿಂತಿರುಗಿಸುವುದು ಕೆಂಪು ಬೆಳಕನ್ನು. ನೀಲಿ ಬೆಳಕಿನಲ್ಲಿ ಕೆಂಪಿಲ್ಲದಿದ್ದರೆ ಕಣ್ಣಿಗೆ ಕಪ್ಪೇ ಗತಿ. ಆಮೇಲೆ ಮೈಕು ‘ಕುಂಯ್’ ಎಂದಿತು. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತುತ್ತಿತ್ತು. ಸ್ಪೀಕರನ್ನು ಮೈಕಿಗಿಂತ ಮುಂದಿಟ್ಟು ಪ್ರೇಕ್ಷಕರತ್ತ ತಿರುಗಿಸಿದ ಮೇಲೆ ಸುಮ್ಮನಾಯಿತು.

ಅಷ್ಟರಲ್ಲಿ ಸುಟ್ಟ ವಾಸನೆ. “ಆಫ್ ಮಾಡಿ!” ಎಂದು ಮೊದಲು ಕೂಗಿದ್ದು ಆ ಹುಡುಗಿ. ಯಾರೋ ಒಂದೇ ಸಾಕೆಟ್ಟಿಗೆ ನಾಲ್ಕು ದೀಪ ಸಿಕ್ಕಿಸಿದ್ದರು. ಲೆಕ್ಕ ಹಾಕಿ: 1000 ವ್ಯಾಟ್‌ನ ದೀಪವೊಂದು 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಮೂರಕ್ಕೆ 13, ನಾಲ್ಕಕ್ಕೆ 17 ದಾಟುತ್ತದೆ. ಸಾಕೆಟ್ಟಿನ ಶಕ್ತಿ 15 ಮಾತ್ರ. ಎಲೆಕ್ಟ್ರಿಷಿಯನ್ ಬಂದು ಬೇರೆ ಬೇರೆ ಲೈನಿಗೆ ಹಂಚುವವರೆಗೆ ಒಂದು ಗಂಟೆ ಎಲ್ಲರೂ ಕತ್ತಲಲ್ಲಿ.

ದೀಪ ಬಂದ ಮೇಲೆ ಡೋಲು ಬಾರಿಸುವ ಎಂಟು ವರ್ಷದ ಹುಡುಗನನ್ನು ಒಂಬತ್ತನೇ ಸಲ ನಡೆಸಿದರು. ಅವನು ಡೋಲು ಕೆಳಗಿಟ್ಟು ಅತ್ತೇಬಿಟ್ಟ. “ನಾನು ನಾಳೆ ಬರಲ್ಲ!” ಡೋಲಿಲ್ಲದೆ ನೃತ್ಯವಿಲ್ಲ, ನೃತ್ಯವಿಲ್ಲದೆ ಶಾಂತಲೆಯಿಲ್ಲ. ದೊಡ್ಡವರು ಗದರಲು ಹೊರಟಾಗ ಅವನ ಅಜ್ಜಿ ತಡೆದರು. “ಬರದಿದ್ರೆ ಬೇಡ ಕಂದ, ಮೊದ್ಲು ಚಕ್ಕುಲಿ ತಿನ್ನು.”

ತಿನ್ನುತ್ತಾ ಅವನು ಕೇಳಿದ: “ನಾನೇನು ತಪ್ಪು ಮಾಡ್ದೆ?” ಅವನದೇನೂ ತಪ್ಪಿರಲಿಲ್ಲ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಹುಡುಗಿ ಅವನನ್ನು ಡಿಮ್ಮರ್ ಬಳಿಗೆ ಕರೆದೊಯ್ದು ಗುಂಡಿ ಸರಿಸಲು ಕೊಟ್ಟಳು. “ನಿನ್ನ ಮುಖ ಎಲ್ಲಿದೆ ಅಂತ ದೀಪಕ್ಕೆ ಇನ್ನೂ ಗೊತ್ತಾಗಿಲ್ಲ ಕಣೋ. ಅದಕ್ಕೇ ಕರೀತಿದೀವಿ.” ಹತ್ತನೇ ಸಲ ಅವನಾಗಿಯೇ ನಡೆದ.

ಅಂದಿನಿಂದ ನಮ್ಮಲ್ಲಿ ಕೆಲವು ಕಟ್ಟುಪಾಡುಗಳಿವೆ. ದೀಪ ಹೊಂದಿಸುವಾಗ ಮಕ್ಕಳ ಜಾಗದಲ್ಲಿ ದೊಡ್ಡವರು ನಿಲ್ಲಬೇಕು. ಎತ್ತರಕ್ಕೆ ಸರಿಯಾಗಿ ಮಂಡಿಯೂರಿದರೂ ಸರಿ. ಇಡೀ ನಾಟಕ ಆಡದೆ, ದೀಪ, ಸದ್ದು ಬದಲಾಗುವ ಕಡೆ ಮಾತ್ರ ನಡೆಸಬೇಕು. ಸೂಚನೆ ಕೊಡುವ ಬಾಯಿ ಒಂದೇ ಇರಬೇಕು. ಒಂದೂವರೆ ಗಂಟೆಗೊಮ್ಮೆ ತಿಂಡಿ, ನೀರು. ಬಗೆಹರಿಯದ ತೊಂದರೆಯನ್ನು ಪುಸ್ತಕದಲ್ಲಿ ಬರೆದು ಮುಂದೆ ಹೋಗಬೇಕು. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದ ಸಂಜೆ ಕೂಗಾಡಿದವರಿಗೆ ವ್ಯತ್ಯಾಸ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಒಂದೊಂದೇ ಚೀಟಿ ನೋಡಿದವರಿಗೆ ಸಿಗುತ್ತಿತ್ತು.

ಮರುದಿನದ ಪ್ರದರ್ಶನದಲ್ಲಿ ದೀಪವೊಂದು ಕೈಕೊಟ್ಟಿತು. ಹುಡುಗ ತಾನಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬೆಳಕಿದ್ದಲ್ಲಿ ನಿಂತು ಬಾರಿಸಿದ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಡಿಮ್ಮರ್ ಹಿಂದೆ ಕೂತಿದ್ದ ಹುಡುಗಿ ಮಾತ್ರ ನನ್ನ ತೋಳು ಹಿಡಿದು, “ನೋಡಿದ್ರಾ ತಾತ?” ಅಂದಳು.