ಮೋಟರ್ ಸುಟ್ಟಾಗ ಯಾರ ಹೆಸರು ನೆನಪಿಗೆ ಬರ್ತದ?

ರೇಡಿಯೋದ ಹತ್ತು ಸೆಕೆಂಡು: ಟಿಕೋಟಾ, ಬಬಲೇಶ್ವರದ ಸಣ್ಣ ಅಂಗಡಿಕಾರರಿಗೆ ಒಂದು ಲೆಕ್ಕ

ವಿಜಯಪುರ: ಬೋರಿನ ಮೋಟರ್ ಹೇಳಿ ಕೇಳಿ ಸುಡೂದಿಲ್ಲ. ರಾತ್ರಿ ತ್ರೀ-ಫೇಸ್ ಕರೆಂಟ್ ಬಂದಿರುತ್ತದೆ. ರೈತ ಸ್ಟಾರ್ಟರ್ ಒತ್ತಿ ಬಂದು ಮಲಗಿರುತ್ತಾನೆ. ನಡುವೆ ಒಂದು ಫೇಸ್ ಹೋಗುತ್ತದೆ. ಬೆಳಗಾಗೆದ್ದು ನೋಡಿದರೆ ನೀರೂ ಇಲ್ಲ, ಸಪ್ಪಳವೂ ಇಲ್ಲ. ಏಪ್ರಿಲ್ ಬಿಸಿಲಿನಾಗ, ದ್ರಾಕ್ಷಿ ಚಾಟ್ನಿ ಮಾಡಿ ಹೊಸ ಚಿಗುರು ಬಂದ ಹೊತ್ತಿನಾಗ ಹೀಂಗಾದರೆ ಆತ ನಿಂತ ನಿಲುವಿನಲ್ಲೇ ಒಂದು ವೈಂಡಿಂಗ್ ಅಂಗಡಿಯ ಹೆಸರು ನೆನೆಸುತ್ತಾನೆ. ಮೋಟರ್ ಅಲ್ಲಿಗೇ ಹೋಗುತ್ತದೆ. ನಾಲ್ಕು ಅಂಗಡಿ ತಿರುಗಿ ದರ ಕೇಳುವಷ್ಟು ಪುರಸೊತ್ತು ಅವತ್ತು ಯಾರಿಗೂ ಇರುವುದಿಲ್ಲ.

ಹಂಗಾದ್ರ ಆ ಒಂದು ಹೆಸರು ನಮ್ಮದಾಗಬೇಕಾದರೆ ಏನು ಮಾಡಬೇಕು? ಟಿಕೋಟಾದಲ್ಲಿ, ಬಬಲೇಶ್ವರದಲ್ಲಿ, ವಿಜಯಪುರದ ಅಥಣಿ ರಸ್ತೆಯಲ್ಲಿ ಶಟರ್ ಎತ್ತಿ ಕೂತಿರುವ ಸಣ್ಣ ಕಸುಬುದಾರರೆಲ್ಲ ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆ ಇದು. ಗೋಡೆ ಮೇಲೆ ಬರೆಸಿದ್ದಾಯಿತು. ಜಾತ್ರೆಯಲ್ಲಿ ಹ್ಯಾಂಡ್‌ಬಿಲ್ ಹಂಚಿದ್ದಾಯಿತು. ಆಟೋಕ್ಕೆ ಮೈಕ್ ಕಟ್ಟಿ ಓಣಿ ಓಣಿ ಒದರಿಸಿದ್ದಾಯಿತು. ಈಗ ವಾಟ್ಸಾಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಜೊತೆಗೆ ಅಂಗಡಿಯ ಫೋಟೋ ಹಾಕುವುದೂ ನಡೆದಿದೆ. ಅದನ್ನು ಯಾರು ತೆರೆದು ನೋಡ್ತಾರ ಅನ್ನೋದು ದೇವರಿಗೇ ಗೊತ್ತು. ರೇಡಿಯೋ ಕಡೆ ಮಾತ್ರ ನಮ್ಮವರ ಲಕ್ಷ್ಯ ಹೋಗಿದ್ದು ಕಡಿಮೆ. “ಅದು ಸಾಬೂನಿನ ಕಂಪನಿಯವರಿಗ್ರೀ, ನಮ್ಮಂಥವರಿಗಲ್ಲ” ಎಂಬ ಭಾವನೆ.

ಈ ಭಾವನೆ ಸುಮ್ಮನೆ ಬಂದದ್ದಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಸರಕಾರದ ರೇಡಿಯೋದಲ್ಲಿ ಜಾಹೀರಾತಿಗೆ ಜಾಗವೇ ಇರಲಿಲ್ಲ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿ ‘ಬಿನಾಕಾ ಗೀತಮಾಲಾ’ ಶುರು ಮಾಡಿದಾಗ ಒಂದು ಟೂತ್‌ಪೇಸ್ಟಿನ ಹೆಸರು ದೇಶದ ಮೂಲೆ ಮೂಲೆಗೆ ಹೋಯಿತು. ಹಾಡು ಕೇಳಲು ಕೂತವರಿಗೆ ಪೇಸ್ಟಿನ ಹೆಸರು ಪುಕ್ಕಟೆ ಪಾಠವಾಯಿತು. ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಿತು. ಅದರಲ್ಲಿ ಜಾಹೀರಾತಿಗೆ ಬಾಗಿಲು ತೆರೆದದ್ದು ಮತ್ತೂ ಹತ್ತು ವರ್ಷಕ್ಕೆ, 1967ರ ನವೆಂಬರ್ 1ರಂದು, ಅದೂ ಮುಂಬಯಿ, ಪುಣೆ, ನಾಗಪುರದಲ್ಲಿ. ಸೇಟುಗಳ ಊರು, ಗಿರಣಿಗಳ ಊರು. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸ್ ಹಣ ಕಟ್ಟುತ್ತಿದ್ದ ಆ ಕಾಲದ ಟಿಕೋಟಾದ ಅಂಗಡಿಕಾರನಿಗೆ ಅದು ದೂರದ ಮಾತೇ ಆಗಿತ್ತು.

ಈಗ ಮಾತು ಬೇರೆ. ವಿಜಯಪುರಕ್ಕೆ ತನ್ನದೇ ಆಕಾಶವಾಣಿ ಕೇಂದ್ರವಿದೆ, ಎಫ್.ಎಂ. 101.8ರಲ್ಲಿ. ಟಿಕೋಟಾ ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಬಬಲೇಶ್ವರ ಅದಕ್ಕಿಂತ ತುಸು ಹೆಚ್ಚು. ಕೇಂದ್ರ ನಮ್ಮದು, ಭಾಷೆ ನಮ್ಮದು. ಹಣ ಇಟ್ಟರೆ ಹೆಸರು ಹೋಗುತ್ತದೆ. ಆದರೆ ಎಷ್ಟು ಹಣ, ಯಾರಿಗೆ ಕೇಳಿಸಲು, ಎಂಬಲ್ಲಿ ತಲೆ ಓಡಿಸಬೇಕು.

ರೊಕ್ಕದ ಮಾತು ಮೊದಲು

ರೇಡಿಯೋದವರು ಸಮಯವನ್ನು ಹತ್ತು ಸೆಕೆಂಡಿನ ತುಂಡಿನಲ್ಲಿ ಮಾರುತ್ತಾರೆ, ದರ್ಜಿ ಅಂಗಡಿಯಲ್ಲಿ ಮೀಟರಿನ ಲೆಕ್ಕ ಇದ್ದಂತೆ. ಕೇಂದ್ರಕ್ಕೊಂದು ದರ, ಹೊತ್ತಿಗೊಂದು ದರ. ಜನ ಹೆಚ್ಚು ಕೇಳುವ ಹೊತ್ತು ತುಟ್ಟಿ. ದರಪಟ್ಟಿ ಕೇಂದ್ರದಲ್ಲೇ ಕೇಳಿ ಪಡೆಯಬೇಕು, ಯಾರದೋ ಬಾಯಿಮಾತು ನಂಬಿ ಹೋಗಬಾರದು. ಇಲ್ಲಿ ಲೆಕ್ಕ ತಿಳಿಯಲು ಮಾತ್ರ ಒಂದು ಅಳತೆಗೋಲು ಹಿಡಿಯೋಣ. ಸಮುದಾಯ ರೇಡಿಯೋಗಳಿಗೆ ಕೊಡುವ ತನ್ನ ಜಾಹೀರಾತಿನ ದರವನ್ನು ಕೇಂದ್ರ ಸರಕಾರ 2024ರ ಫೆಬ್ರುವರಿಯಲ್ಲಿ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿಸಿತು. ಆಕಾಶವಾಣಿಯ ದರ ಇದಲ್ಲ, ನೆನಪಿರಲಿ.

74 ರೂಪಾಯಿಯಂತೆ ದಿನಕ್ಕೆ ಮೂರು ಸಲ, ಮೂವತ್ತು ದಿನ ಹಾಕಿಸಿದರೆ 6,660 ರೂಪಾಯಿ. ಅದರ ಮೇಲೆ ಶೇ. 18 ಜಿ.ಎಸ್.ಟಿ. ಸೇರಿದರೆ 7,859ರ ಹತ್ತಿರ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದು ಜಿ.ಎಸ್.ಟಿ. ನೋಂದಣಿ ಇಲ್ಲದ ಕಸುಬುದಾರನಿಗೆ ಆ ತೆರಿಗೆ ವಾಪಸು ಬರುವುದಿಲ್ಲ, ಅದೂ ಖರ್ಚೇ. ಒಂದು ಮೋಟರ್ ವೈಂಡಿಂಗಿನಲ್ಲಿ ತಾಮ್ರದ ತಂತಿ, ವಾರ್ನಿಷ್, ಹುಡುಗನ ಕೂಲಿ ಎಲ್ಲ ತೆಗೆದು ಕೈಗೆ 800 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ಹತ್ತು ಮೋಟರ್ ಹೆಚ್ಚಿಗೆ ಬಂದರೆ ಜಾಹೀರಾತಿನ ಹಣ ಮುಟ್ಟಿತು, ಹನ್ನೊಂದನೆಯದರಿಂದ ಲಾಭ. ಅದೇ ಜಾಹೀರಾತು ಮೂವತ್ತು ಸೆಕೆಂಡಿನದಾದರೆ ತೆರಿಗೆ ಸೇರಿ 23,576 ರೂಪಾಯಿ, ಮೂವತ್ತು ಮೋಟರ್ ಹೆಚ್ಚಿಗೆ ಬರಬೇಕು. ಸಣ್ಣ ಅಂಗಡಿಗೆ ಇದು ಆಗುವ ಮಾತಲ್ಲ. ಆದ್ದರಿಂದ ಹತ್ತು ಸೆಕೆಂಡೇ ಸಾಕು.

ಹತ್ತು ಸೆಕೆಂಡಿನಲ್ಲಿ ಏನು ಹೇಳಲಿಕ್ಕಾಗ್ತದ ಅನ್ನುವವರು ಉಂಟು. ನಮ್ಮವರ ಜಾಹೀರಾತಿನ ಭಾಷೆ ನೋಡಿದರೆ ಆ ಅನುಮಾನ ಸಹಜ. “ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ, ಸಕಲ ವಿಧದ ವಿದ್ಯುಚ್ಚಾಲಿತ ಯಂತ್ರಗಳ ದುರಸ್ತಿ ಕಾರ್ಯವನ್ನು ಕ್ಲುಪ್ತ ಕಾಲದಲ್ಲಿ ಸುಲಭ ದರದಲ್ಲಿ...” ಅಷ್ಟರಲ್ಲಿ ಸಮಯ ಮುಗಿಯಿತು, ಅಂಗಡಿ ಎಲ್ಲೈತಿ ಅನ್ನೋದೇ ತಿಳಿಯಲಿಲ್ಲ. ಇದಕ್ಕೆ ಬದಲು ಹೀಗಿರಲಿ:

“ಮೋಟರ್ ಸುಟ್ಟೈತೇನ್ರಿ ಕಾಕಾ? ಟಿಕೋಟಾ ಬಸ್‌ಸ್ಟ್ಯಾಂಡ್ ಎದುರಿಗೆ ವೈಂಡಿಂಗ್ ಅಂಗಡಿ! ಇವತ್ತ ತಂದ್ರ ನಾಳೆ ಸಂಜೀಕ ತಯಾರ. ಟಿಕೋಟಾ, ಬಸ್‌ಸ್ಟ್ಯಾಂಡ್ ಎದುರಿಗೆ!”

ಲೆಕ್ಕ ಹಾಕಿ, 16 ಶಬ್ದ. ಇದರ ನಡುವೆ ಅಂಗಡಿಯ ಹೆಸರೊಂದು ಸೇರಿಸಿದರೂ ಹತ್ತು ಸೆಕೆಂಡಿನಾಗ ಮುಗೀತದ. ಸ್ಥಳ ಎರಡು ಸಲ ಬಂದದ್ದು ತಪ್ಪಿ ಅಲ್ಲ, ಬೇಕೆಂದೇ. ಫೋನ್ ನಂಬರ್ ಇಲ್ಲದಿರುವುದೂ ಹಾಗೆಯೇ. ಬಸ್ಸಿನಲ್ಲಿ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತವನಿಗೆ ಹತ್ತು ಅಂಕಿಯ ನಂಬರ್ ಹೇಳಿದರೆ ಮುಂದಿನ ಸ್ಟಾಪ್ ಬರುವುದರೊಳಗೆ ಮರೆತಿರುತ್ತಾನೆ. ‘ಬಸ್‌ಸ್ಟ್ಯಾಂಡ್ ಎದುರಿಗೆ’ ಎಂಬುದನ್ನು ಮರೆಯುವುದಿಲ್ಲ, ಯಾಕಂದ್ರ ಆತ ದಿನಾ ಅಲ್ಲೇ ಇಳಿಯುವವ.

ಸಿನಿಮಾ ಹಾಡಿನ ಧಾಟಿಗೆ ಅಂಗಡಿ ಹೆಸರು ಕೂಡಿಸಿ ಹಾಡಿಸುವ ಹುಚ್ಚು ಕೆಲವರಿಗಿದೆ. ಬ್ಯಾಡ್ರಿ. ಆ ಧಾಟಿಗೆ ಒಡೆಯರಿದ್ದಾರೆ, 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅನುಮತಿ ಇಲ್ಲದೆ ಜಾಹೀರಾತಿಗೆ ಎತ್ತಿಕೊಂಡರೆ ವಕೀಲರ ಫೀಸು ಜಾಹೀರಾತಿನ ಖರ್ಚನ್ನು ಮೀರಿಸುತ್ತದೆ. ಊರಲ್ಲಿ ಒಳ್ಳೆಯ ದನಿಯವರು ಕಡಿಮೆ ಇಲ್ಲ. ಭಜನಾ ಮಂಡಳಿಯ ಒಬ್ಬ ಕಾಕಾನ ಬಾಯಲ್ಲಿ ಮೇಲಿನ ಮಾತು ಹೇಳಿಸಿದರೆ ಬೆಂಗಳೂರಿನ ತೆಳ್ಳನೆಯ ದನಿಗಿಂತ ಹತ್ತು ಪಾಲು ನಂಬಿಕೆ ಹುಟ್ಟುತ್ತದೆ.

ಯಾರಿಗೆ ಬೇಡ

ಎಲ್ಲರೂ ರೇಡಿಯೋಕ್ಕೆ ಓಡಬೇಕೆಂದು ಈ ವರದಿಗಾರ ಹೇಳುತ್ತಿಲ್ಲ. ನಾಲ್ಕು ಓಣಿಯೊಳಗೇ ಗಿರಾಕಿ ಇರುವ ದರ್ಜಿಗೆ, ಇಸ್ತ್ರಿಯವನಿಗೆ, ಸಲೂನಿಗೆ ಇದು ದಂಡ. ರೇಡಿಯೋ ಇಡೀ ಸುತ್ತಿಗೆ ಕೇಳಿಸುತ್ತದೆ, ಹಣವೂ ಇಡೀ ಸುತ್ತಿನ ಲೆಕ್ಕದಲ್ಲೇ ಹೋಗುತ್ತದೆ. ಇಂಡಿಯವ ಬಟ್ಟೆ ಹೊಲಿಸಲು ಬಬಲೇಶ್ವರಕ್ಕೆ ಬರ್ತಾನೇನು? ಅಂಥವರಿಗೆ ಹ್ಯಾಂಡ್‌ಬಿಲ್ಲೇ ಸೈ. (ಈ ಪತ್ರಿಕೆಯಲ್ಲಿ ಒಂದು ಕಾಲಂ ಜಾಹೀರಾತು ಕೊಟ್ಟರೂ ನಮ್ಮ ಮ್ಯಾನೇಜರರು ಬ್ಯಾಡ ಅನ್ನೋದಿಲ್ಲ.)

ಗಿರಾಕಿಯ ಮನೆಗೆ ತಾನೇ ಹೋಗುವ ಕಸುಬಿಗೆ ರೇಡಿಯೋ ಕೈಹಿಡಿಯುತ್ತದೆ. ಬೋರಿನಿಂದ ಮೋಟರ್ ಎತ್ತುವ ಗಾಡಿ, ಶಾಮಿಯಾನ, ಮದುವೆ ಅಡಿಗೆಯವರು, ಬ್ಯಾಂಡಿನವರು, ಬಾಡಿಗೆ ಜೀಪು, ಹಾಗೆಯೇ ಗಿರಾಕಿ ಹುಡುಕಿಕೊಂಡು ದೂರದಿಂದ ಬರುವ ವೈಂಡಿಂಗ್, ಟ್ರ್ಯಾಕ್ಟರ್ ಗ್ಯಾರೇಜ್. ಇವರಲ್ಲೂ ಒಬ್ಬೊಬ್ಬರೇ ಹಣ ಹಾಕುವ ಬದಲು ಮೋಟರ್ ಎತ್ತುವವ, ವೈಂಡಿಂಗ್‌ನವ, ಪೈಪ್ ಅಂಗಡಿಯವ ಮೂವರು ಕೂಡಿ ಒಂದೇ ಜಾಹೀರಾತು ಹಾಕಿಸಿದರೆ ತಲೆಗೆ ಮೂರರಲ್ಲೊಂದು ಪಾಲು. ಸಂತೆಗೆ ಒಂದೇ ಟೆಂಪೋದಲ್ಲಿ ಮಾಲು ತರುವವರು ರೇಡಿಯೋದಲ್ಲಿ ಮಾತ್ರ ಯಾಕೆ ಬೇರೆ ಬೇರೆ ಹೋಗಬೇಕು?

ಹೊತ್ತಿನ ಮಾತು. ಮೊಬೈಲ್ ಬಂದ ಮೇಲೆ ರೇಡಿಯೋ ಯಾರು ಕೇಳ್ತಾರ ಎಂಬ ಪ್ರಶ್ನೆಗೆ ಪೂರಾ ಸುಳ್ಳು ಎನ್ನಲಾಗದು. ಮನೆಯಲ್ಲಿ ಮುಂಚಿನಂತೆ ಎಲ್ಲರೂ ಸುತ್ತ ಕೂತು ಕೇಳುವ ಕಾಲ ಹೋಗಿದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಹುಡುಗರೆಲ್ಲ ಯೂಟ್ಯೂಬಿನಲ್ಲಿ ಮುಳುಗಿರುತ್ತಾರೆ. ಹೊಸ ಫೋನುಗಳಲ್ಲಿ ಎಷ್ಟೋ ಕಡೆ ಎಫ್.ಎಂ. ಇಲ್ಲವೇ ಇಲ್ಲ. ಫೋನಿನಲ್ಲಿ ಎಫ್.ಎಂ. ಇರುವಂತೆ ನೋಡಿಕೊಳ್ಳಿರೆಂದು 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವೇ ಕಂಪನಿಗಳಿಗೆ ತಿಳಿಹೇಳಬೇಕಾಯಿತು. ಆದರೆ ಕೈ ಎರಡೂ ಕೆಲಸದಲ್ಲಿದ್ದು ಕಿವಿ ಮಾತ್ರ ಖಾಲಿ ಇರುವವರು ಇನ್ನೂ ರೇಡಿಯೋದವರೇ. ಹೊಲಿಗೆ ಯಂತ್ರದ ಮುಂದೆ ಕೂತವ, ಚಹಾದಂಗಡಿಯವ, ಮುಂಜಾನೆ ರೊಟ್ಟಿ ಬಡಿಯುವ ಅಕ್ಕಂದಿರು, ಒಣದ್ರಾಕ್ಷಿ ಶೆಡ್ಡಿನಲ್ಲಿ ಇಡೀ ದಿನ ಕಾಳು ಆರಿಸುವ ಹೆಣ್ಣುಮಕ್ಕಳು, ಹೊಲದಲ್ಲಿ ಮಡಿ ತಿರುವುವವರು. ಮೋಟರಿನವನ ಗಿರಾಕಿ ಇದೇ ಮಂದಿಯ ಮನೆಯವರು. ಸಂಜೆಯ ಕೃಷಿ ಕಾರ್ಯಕ್ರಮದ ಆಚೆ ಈಚೆ ಒಂದು, ಮುಂಜಾನೆ ಸುದ್ದಿಯ ಹೊತ್ತಿಗೆ ಒಂದು ಹಾಕಿಸಿದರೆ ಹಣ ನೀರಿಗೆ ಹೋಗುವುದಿಲ್ಲ. ಮಧ್ಯಾಹ್ನದ್ದು ಅಗ್ಗ ಸಿಕ್ಕರೆ ಶೆಡ್ಡಿನವರಿಗಾಗಿ ಹಾಕಿಸಬಹುದು.

ಇನ್ನೊಂದು, ವರ್ಷವಿಡೀ ತೆಳ್ಳಗೆ ಹಾಕಿಸುವುದಕ್ಕಿಂತ ಒಂದೇ ತಿಂಗಳು ಗಟ್ಟಿಯಾಗಿ ಹಾಕಿಸುವುದು ಲೇಸು. ಮೋಟರ್ ಸುಡುವ ಕಾಲ ಬೇಸಿಗೆ. ಸುಟ್ಟ ಮೇಲೆ ಹೆಸರು ಕೇಳಿಸಿದರೇನು ಬಂತು, ಅದಕ್ಕೂ ಹದಿನೈದು ದಿನ ಮುಂಚೆ ಕಿವಿಯಲ್ಲಿ ಕೂತಿರಬೇಕು. ಶಾಮಿಯಾನದವರಿಗೆ ಮದುವೆ ಮುಹೂರ್ತ ಗೊತ್ತುಮಾಡುವ ಹೊತ್ತು, ಮದುವೆಯ ಹೊತ್ತಲ್ಲ.

ಏನು ಹೇಳಬಾರದು

ಆಕಾಶವಾಣಿಯ ಜಾಹೀರಾತಿಗೆ ಒಂದು ನೀತಿಸಂಹಿತೆ ಇದೆ. ಪಕ್ಕದ ಅಂಗಡಿಯವನನ್ನು ಹಳಿಯುವಂತಿಲ್ಲ. ದರ, ತೂಕ, ಗುಣ ಹೇಳಿದರೆ ನಿಜವೇ ಹೇಳಬೇಕು. ಬಡ್ಡಿ ವ್ಯವಹಾರದವರು, ಖಾಸಗಿ ಚೀಟಿಯವರು, ಭವಿಷ್ಯ ಹೇಳುವವರು, ಪರವಾನಗಿ ಇಲ್ಲದೆ ನೌಕರಿ ಕೊಡಿಸುವವರು, ಇವರಿಗೆಲ್ಲ ಅಲ್ಲಿ ಬಾಗಿಲು ಬಂದ್. ಸಿಗರೇಟು, ಶೆರೆ ಮಾತೇ ಇಲ್ಲ. ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡದ ಮಾತಿದೆ.

ದಂಡಕ್ಕಿಂತ ದೊಡ್ಡ ಭಯ ಬೇರೆಯೇ ಇದೆ. ‘ನಾಳೆ ಸಂಜೀಕ ತಯಾರ’ ಎಂದು ಇಡೀ ಸುತ್ತಿಗೆ ಸಾರಿದ ಮೇಲೆ ಒಂದೇ ದಿನ ಎಂಟು ಮೋಟರ್ ಬಂದು ಬಿದ್ದವು ಅನ್ನಿ. ಅಂಗಡಿಯಲ್ಲಿ ಇರುವುದು ತಾನು ಮತ್ತು ಒಬ್ಬ ಹುಡುಗ. ಎರಡು ಮೋಟರ್ ತಯಾರಾಯಿತು, ಆರು ಮಂದಿ ಬೆಳೆ ಒಣಗಿಸಿಕೊಂಡು ಅಂಗಡಿ ಮುಂದೆ ಕೂತರು. ಅವರು ಬಸ್ಸಿನಲ್ಲಿ ಹತ್ತಿ ಹೋಗುವಾಗ ಆಡುವ ಮಾತು ರೇಡಿಯೋದ ಮಾತಿಗಿಂತ ಜೋರು, ಅದಕ್ಕೆ ಸೆಕೆಂಡಿನ ದರವೂ ಇಲ್ಲ. ಆದ್ದರಿಂದ ಜಾಹೀರಾತಿಗೆ ಹಣ ಕಟ್ಟುವ ಮುಂಚೆ ತಂತಿ ತರಿಸಿಟ್ಟುಕೊಳ್ಳಬೇಕು, ಇನ್ನೊಬ್ಬ ಹುಡುಗನನ್ನು ಗೊತ್ತುಮಾಡಬೇಕು. ಅದಾಗದಿದ್ದರೆ ‘ನಾಳೆ’ ಎಂಬ ಶಬ್ದವನ್ನೇ ತೆಗೆದುಬಿಡಬೇಕು.

ಮುಂದೆ ಪೈಪೋಟಿಯೂ ಬರಬಹುದು. ದೇಶದ ಮೊದಲ ಖಾಸಗಿ ಎಫ್.ಎಂ. 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಶುರುವಾಯಿತು. ಸಣ್ಣ ಊರುಗಳ ಸರದಿ ಈಗ. 234 ಹೊಸ ಊರುಗಳಲ್ಲಿ 730 ಚಾನೆಲ್ಲುಗಳ ಹರಾಜಿಗೆ ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಸಮುದಾಯ ರೇಡಿಯೋಗಳಿಗೂ ಗಂಟೆಗೆ 7 ನಿಮಿಷ ಇದ್ದ ಜಾಹೀರಾತಿನ ಸಮಯ 2024ರಲ್ಲಿ 12 ನಿಮಿಷವಾಯಿತು. ಮಾರುವವರು ಹೆಚ್ಚಾದರೆ ಕೊಳ್ಳುವವನಿಗೆ ಚೌಕಾಶಿಗೆ ಜಾಗ ಸಿಗುತ್ತದೆ.

ಹಣ ಹಾಕಿದ ಮೇಲೆ ಅದು ದುಡಿಯಿತೋ ಇಲ್ಲವೋ ತಿಳಿಯುವುದು ಹೇಗೆ? ಎರಡು ರೂಪಾಯಿಯ ಪೆನ್ನು, ಹಳೆ ಡೈರಿ ಸಾಕು. ಬಂದ ಪ್ರತಿ ಗಿರಾಕಿಗೆ “ನಮ್ಮ ಅಂಗಡಿ ಹೆಂಗ ಗೊತ್ತಾತ್ರೀ?” ಎಂದು ಕೇಳಿ ಒಂದು ಗೀಟು ಎಳೆಯಬೇಕು. ಬೋರ್ಡು ನೋಡಿ ಬಂದವರಿಗೆ ಒಂದು ಕಡೆ, ಮಂದಿ ಹೇಳಿ ಬಂದವರಿಗೆ ಒಂದು ಕಡೆ, ರೇಡಿಯೋದವರಿಗೆ ಒಂದು ಕಡೆ. ತಿಂಗಳ ಕೊನೆಗೆ ರೇಡಿಯೋದ ಕಡೆ ಹತ್ತು ಗೀಟು ಇಲ್ಲದಿದ್ದರೆ ಎರಡನೆಯ ತಿಂಗಳಿಗೆ ಹಣ ಕಟ್ಟಬಾರದು, ಏಜೆಂಟ ಎಷ್ಟೇ ಗೋಗರೆಯಲಿ. ಮಾನ್ಯತೆ ಪಡೆದ ಏಜೆನ್ಸಿಗೆ ಶೇ. 15 ಕಮಿಷನ್ ಇರುತ್ತದೆ, ಗೋಗರೆಯುವುದು ಅವನ ಕಸುಬು.

ಬರುವ ಬೇಸಿಗೆಗೆ ಹೆಸರು ಕೇಳಿಸಬೇಕೆನ್ನುವವರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಒಂದು ದಿನ ಕೇಂದ್ರಕ್ಕೆ ಹೋಗಿ ದರಪಟ್ಟಿ ಕೇಳಲಿ. ಹೋಗುವಾಗ ತಮ್ಮ 16 ಶಬ್ದ ಚೀಟಿಯಲ್ಲಿ ಬರೆದುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಮನೆಯವರ ಮುಂದೆ ನಾಲ್ಕು ಸಲ ಓದಿಕೊಂಡೇ ಹೋಗಲಿ.