ಅವನು ಬಂದರೆ ನಾನೂ ಬರ್ತೀನಿ

ಮಕ್ಕಳನ್ನು ಅರಬ್ಬಿ ಪಾಠಕ್ಕೆ ಕಳಿಸುವುದು ಅಪ್ಪ–ಅಮ್ಮ ಎಂದು ನೀವಂದುಕೊಂಡಿದ್ದರೆ ಒಮ್ಮೆ ನಮ್ಮ ಮನೆಯ ಜಗಲಿಗೆ ಬನ್ನಿ. ಕರೆತರುವುದು ಕ್ಲಾಸ್‌ಮೇಟು. ಬಿಡಿಸುವುದೂ ಅದೇ ಕ್ಲಾಸ್‌ಮೇಟು!

ನಾನು ಚಿಕ್ಕರಸಿನಕೆರೆಯವಳು, ಭಾರತೀನಗರದಲ್ಲಿ ಬಿ.ಎ. ಓದುತ್ತಿದ್ದೇನೆ. ಸಂಜೆ ಏಳೆಂಟು ಮಕ್ಕಳಿಗೆ ಕುರ್‌ಆನ್ ಓದಲು ಹೇಳಿಕೊಡುತ್ತೇನೆ. ಮಂಗಳೂರು ಕಡೆಯ ಮದರಸಾಗಳಲ್ಲಿ ಶಾಲೆಯಂತೆಯೇ ತರಗತಿಗಳಿವೆ. 5, 7, 10ನೇ ತರಗತಿಗೆ ಸಮಸ್ತ ಬೋರ್ಡಿನ ಪಬ್ಲಿಕ್ ಪರೀಕ್ಷೆಯೂ ಇದೆ. ಗೆಳೆಯರೆಲ್ಲ ಒಟ್ಟಿಗೆ ಮುಂದೆ ಹೋಗುತ್ತಾರೆ. ನಮ್ಮ ಜಗಲಿಯಲ್ಲಿ ಹಾಗಲ್ಲ. ಒಬ್ಬ ಇನ್ನೂ ಅಕ್ಷರ ಕೂಡಿಸುತ್ತಿರುತ್ತಾನೆ, ಪಕ್ಕದವಳು 30 ಭಾಗಗಳಲ್ಲಿ 10ನೆಯದಕ್ಕೆ ಬಂದಿರುತ್ತಾಳೆ. ಪರೀಕ್ಷೆಯಿಲ್ಲ, ಅಂಕವಿಲ್ಲ. ಹಾಗಾಗಿ ಎಲ್ಲವೂ ಜೊತೆಗಾರರ ಮೇಲೆಯೇ ನಿಂತಿದೆ. ಯಾರಾದರೂ ಕುರ್‌ಆನ್ ಓದಿ ಮುಗಿಸಿ, ಮನೆಯವರು ಸಿಹಿ ಹಂಚಿದರೆ ಆ ವಾರವಿಡೀ ಎಲ್ಲರ ದನಿ ಜೋರು. ಒಬ್ಬಳು ಟ್ಯೂಷನ್‌ಗೆ ಸೇರಿದಳೋ, "ಆಪಾ, ಅವಳಿಲ್ದೆ ಬೇಜಾರು" ಎಂದು ಇನ್ನಿಬ್ಬರು ಮಾಯ.

ನನಗೆ ಅಚ್ಚರಿ ತಂದವನು ಪಾಠಕ್ಕೇ ಬಾರದ ಒಬ್ಬ ಕ್ಲಾಸ್‌ಮೇಟು. ಹೋದ ವರ್ಷ ಏಳನೇ ತರಗತಿಯ ಹುಡುಗನೊಬ್ಬ ಟೋಪಿಯನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ದಾರಿಯಲ್ಲಿ ಕ್ರಿಕೆಟ್ ಆಡುವ ಸಹಪಾಠಿಗಳ ಕಣ್ಣು ತಪ್ಪಿಸಬೇಕಲ್ಲ! ಒಂದು ದಿನ ಅವರಲ್ಲೊಬ್ಬ, ಗೌಡರ ಹುಡುಗ, ನೇರವಾಗಿ ಕೇಳಿದನಂತೆ: "ದಿನಾ ಏನ್ಲಾ ಓದ್ತೀಯ? ಅದ್ರ ಅರ್ಥ ಏನು?"

ಇವನಿಗೆ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಮೊದಲು ಕಲಿಸುವುದು ಉಚ್ಚಾರ, ಅರ್ಥ ಮುಂದೆಂದೋ. ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಬಂದ. ಮಂಗಳೂರಿನ ಶಾಂತಿ ಪ್ರಕಾಶನದ ಕನ್ನಡ ಅನುವಾದ ನಮ್ಮ ಕಪಾಟಿನಲ್ಲಿತ್ತು. ಮೊದಲ ಅಧ್ಯಾಯ ಫಾತಿಹಾದ 7 ವಾಕ್ಯಗಳ ಅರ್ಥವನ್ನು ಎಲ್ಲರೂ ಕೂತು ಓದಿದೆವು. ಮಾರನೆಯ ದಿನ ಅದನ್ನು ಗೆಳೆಯನಿಗೆ ಹೇಳಿ, ಅವನಿಂದ ಇನ್ನೆರಡು ಪ್ರಶ್ನೆ ಹೊತ್ತು ತಂದ. ಎರಡನೆಯದು ನನ್ನ ಕೈಗೂ ಮೀರಿದ್ದು, ಹಜರತ್ತರ ಬಳಿ ಕಳಿಸಿದೆ. ಆಮೇಲೆ ಪಾಠಕ್ಕೆ ಎಲ್ಲರಿಗಿಂತ ಮೊದಲು ಬರತೊಡಗಿದ.

ಅವನ ಅಮ್ಮನಿಗೆ ಮಾತ್ರ ಭಯ. "ಸ್ಕೂಲಲ್ಲಿ ಧರ್ಮದ ಮಾತು ಬೇಡಮ್ಮಾ, ಕಾಲ ಸರಿಯಿಲ್ಲ" ಅಂದರು. ಆ ಭಯ ಸುಳ್ಳು ಎನ್ನಲಾರೆ. ಪತ್ರಿಕೆ ಓದುವವಳೇ ನಾನೂ. ಆದರೆ ಇಲ್ಲಿ ಮಾತಾಡಿಕೊಂಡವರು ಬ್ಯಾಟಿಂಗ್ ಸರದಿಗೆ ಕಾಯುತ್ತಿದ್ದ ಇಬ್ಬರು ಹುಡುಗರು. ಟೋಪಿ ಈಗ ಜೇಬಿನಲ್ಲಿಲ್ಲ, ತಲೆಯ ಮೇಲಿದೆ.

ಈ ವರ್ಷ ಇಬ್ಬರೂ ಹೈಸ್ಕೂಲು, ಸಂಜೆ ಒಂದೇ ಟ್ಯೂಷನ್. ಇನ್ನು ಇವನು ಬರುವುದಿಲ್ಲ ಅಂದುಕೊಂಡೆ. "ಆಪಾ, ಬೆಳಿಗ್ಗೆ ಫಜರ್ ಆದ್ಮೇಲೆ ಬರ್ಲಾ?" ಎಂದು ಕೇಳಿದ. ಅವನನ್ನು ನೋಡಿ ಇನ್ನಿಬ್ಬರು ಬೆಳಿಗ್ಗೆಗೇ ಬದಲಾಯಿಸಿಕೊಂಡರು. ನನ್ನ ನಿದ್ದೆಯಂತೂ ಹೋಯಿತು.