ಅರಸುಮನೆಯಿಂದ ಶಾಸನಸಭೆಗೆ

ರಾಜಧರ್ಮವನ್ನು ಬೋಧಿಸುವ ಗ್ರಂಥಗಳು ನಮ್ಮಲ್ಲಿ ಹೇರಳವಾಗಿವೆ. ಆದರೆ ರಾಜ್ಯವೇ ಇಲ್ಲವಾದ ಬಳಿಕ ರಾಜಪುತ್ರನ ಧರ್ಮವೇನೆಂಬುದನ್ನು ಅವು ವಿಚಾರಿಸಿದಂತೆ ಕಾಣೆವು. ಒಂದು ಸಂಜೆ ಕುರೆಕುಪ್ಪದ ನಮ್ಮ ಜಗುಲಿಯಲ್ಲಿ ಈ ಪ್ರಶ್ನೆಯೆದ್ದಿತು. ಉತ್ತರಕ್ಕಾಗಿ ದೂರ ಹೋಗಬೇಕಾಗಲಿಲ್ಲ; ನಮ್ಮ ಸಂಡೂರು ತಾಲ್ಲೂಕಿನ ಮುರಾರಿರಾವ್ ಯಶವಂತರಾವ್ ಘೋರ್ಪಡೆಯವರ ಚರಿತ್ರೆಯೇ ಸಾಕಾಯಿತು.

ಇವರು ಜನಿಸಿದುದು 1931ರಲ್ಲಿ. ತಂದೆ ಯಶವಂತರಾವ್ ಘೋರ್ಪಡೆಯವರು ಸಂಡೂರು ಸಂಸ್ಥಾನದ ಕೊನೆಯ ಅರಸರು. 1932ರಲ್ಲಿಯೇ ಕುಮಾರಸ್ವಾಮಿಯ ದೇವಾಲಯವನ್ನು ಹರಿಜನರಿಗೆ ತೆರೆದವರು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ದಯಮಾಡಿಸಿದ್ದರು. 1949ರಲ್ಲಿ ಸಂಸ್ಥಾನವು ಮದರಾಸು ಪ್ರಾಂತಕ್ಕೆ ಸೇರಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ಹೀಗೆ ಕಿರೀಟವನ್ನು ಧರಿಸಬೇಕಾಗಿದ್ದ ಕುಮಾರನು ಕೇಂಬ್ರಿಡ್ಜಿನಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗಮಾಡಿ, 1959ರಲ್ಲಿ ಪ್ರಜೆಗಳ ಮತವನ್ನು ಬೇಡಿ ಶಾಸನಸಭೆಯನ್ನು ಪ್ರವೇಶಿಸಿದನು. ಆಳಬೇಕಾದವನು ಬೇಡುವವನಾದುದು ಅಲ್ಪ ಸಂಗತಿಯೇ?

1972ರಿಂದ 1977ರವರೆಗೆ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಇವರು ಅರ್ಥಸಚಿವರಾಗಿದ್ದರು. ಇಲ್ಲಿಯೇ ಅಗ್ನಿಪರೀಕ್ಷೆ. 1973ರಲ್ಲಿ ಸಮಾಜವಾದಿಗಳ ಮುಂದಾಳುತನದಲ್ಲಿ ಸಂಡೂರಿನ ರೈತರು ಭೂಮಿಯ ಹಕ್ಕಿಗಾಗಿ ಹೋರಾಟ ಹೂಡಿದರು. ಅವರ ಮೊರೆಯು ಅರಮನೆಯ ಬಾಗಿಲಿಗೇ ಬಂದು ತಾಗಿತು. ಮರುವರ್ಷ, 1974ರಲ್ಲಿ, ಉಳುವವನಿಗೇ ಭೂಮಿಯೆಂಬ ತಿದ್ದುಪಡಿ ಶಾಸನವು ಅದೇ ಮಂತ್ರಿಮಂಡಲದ ಕಾಲದಲ್ಲಿ ಜಾರಿಗೆ ಬಂದಿತು. ಭೂಮಿಯುಳ್ಳ ಮನೆತನದವರೊಬ್ಬರು ಇಂತಹ ಸರ್ಕಾರದ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದರೆಂಬುದನ್ನು ಹೊಗಳುವವರೂ ತೆಗಳುವವರೂ ಸಮನಾಗಿ ನೆನೆಯಬೇಕು.

ಮುಂದೆ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಇವರು ಮಾಡಿದ ಕಾರ್ಯವೇ ನಮಗೆ ಹೆಚ್ಚು ಹಿತವೆನಿಸುವುದು. 1993ರ ಕರ್ನಾಟಕ ಪಂಚಾಯತ್ ರಾಜ್ ಶಾಸನವು ರೂಪುಗೊಂಡಾಗ ಆ ಇಲಾಖೆಯ ಹೊಣೆ ಇವರದಾಗಿತ್ತು. ಅಧಿಕಾರವನ್ನು ಮೇಲಿನಿಂದ ಕೆಳಕ್ಕೆ, ರಾಜಧಾನಿಯಿಂದ ಹಳ್ಳಿಯ ಕಟ್ಟೆಗೆ ಇಳಿಸುವ ಯತ್ನವದು. 1999ರಿಂದ 2004ರವರೆಗೆ ಎಸ್. ಎಂ. ಕೃಷ್ಣರ ಸಂಪುಟದಲ್ಲಿ ಪುನಃ ಅದೇ ಖಾತೆಯನ್ನು ವಹಿಸಿದರು.

ವನ್ಯಮೃಗಗಳ ಛಾಯಾಚಿತ್ರಗಳನ್ನು ತೆಗೆಯುವುದರಲ್ಲಿಯೂ ಇವರು ಹೆಸರಾಂತವರು. ಕಾಡಿನಲ್ಲಿ ಮೌನವಾಗಿ ಕಾಯುವ ಈ ವ್ಯಕ್ತಿಯ ಮನೆತನದ ಸಂಸ್ಥೆಯು 1954ರಿಂದ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರನ್ನು ತೆಗೆಯುತ್ತಿದ್ದುದೂ ದಿಟವೇ. ಗುಣವನ್ನು ಹೇಳಿ ಈ ವೈರುಧ್ಯವನ್ನು ಮುಚ್ಚುವುದು ಉಪಾಧ್ಯಾಯರಾಗಿದ್ದ ನಮಗೆ ತರವಲ್ಲ.

2011ರ ಅಕ್ಟೋಬರಿನಲ್ಲಿ ಇವರು ಕೀರ್ತಿಶೇಷರಾದರು. ಅರಸುಮಗನು ತನ್ನ ಕೈಯ ಅಧಿಕಾರವನ್ನು ಹಳ್ಳಿಗೆ ಹಂಚಲು ಶ್ರಮಿಸಿದನು. ಆದರೆ ಹಂಚಿದುದನ್ನು ಸ್ವೀಕರಿಸಲು ಕೈ ನೀಡಬೇಕಾದವರು ನಾವಲ್ಲವೆ? ಗ್ರಾಮಸಭೆಯ ಡಂಗುರ ಸಾರಿದಾಗ ಮನೆಯಲ್ಲಿಯೇ ಉಳಿಯುವ ಗೃಹಸ್ಥನು, ಅರಸರಿಲ್ಲದ ಕಾಲದಲ್ಲಿಯೂ ಪ್ರಜೆಯಾಗಿಯೇ ಉಳಿಯುವನು, ಪೌರನಾಗಲಾರನು. ವಾಚಕ ಮಹಾಶಯರು ಇದನ್ನು ತಮ್ಮ ಮನೆಯ ಮಕ್ಕಳೊಡನೆ ಕುಳಿತು ವಿಚಾರಿಸಲೆಂದು ನಮ್ಮ ಪ್ರಾರ್ಥನೆ.